ಕೆಂಪು ಹತ್ತು

ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಹುಡುಗರಿಗೆ ಓಡುವುದನ್ನು ಕಲಿಸುವವರು ಬೇರೆ, ತಿನ್ನುವುದನ್ನು ಕಲಿಸುವವರು ಬೇರೆ, ಮಲಗುವುದನ್ನು ಕಲಿಸುವುದಕ್ಕೂ ಒಬ್ಬರಿದ್ದಾರೆ. ಇವರೆಲ್ಲ ಕೈಚೆಲ್ಲಿದ ಮೇಲೆ ಏನು ಉಳಿಯುತ್ತದೋ ಅದು ನನ್ನ ಪಾಲು. ಹಾಸಿಗೆ ಮಡಿಸಿದರೇ, ತಟ್ಟೆ ತೊಳೆದರೇ, ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳಿದರೇ, ಸೋತ ದಿನ ಯಾರ ಮೇಲೆ ಹಾರಾಡಿದರು, ಗೆದ್ದ ದಿನ ಯಾರನ್ನು ಮರೆತರು, ಇದನ್ನೆಲ್ಲ ನೋಡಿಕೊಳ್ಳುವುದು ನನ್ನ ಕೆಲಸ. ಈ ಕೆಲಸಕ್ಕೆ ಬಾಗಿಲ ಮೇಲೆ ಮಾರುದ್ದದ ಹೆಸರು ಬರೆಸಿದ್ದಾರೆ. ಅದನ್ನು ಪೂರ್ತಿ ಓದುವ ತಾಳ್ಮೆ ಹುಡುಗರಿಗಿಲ್ಲ. ಎದುರಿಗೆ ಸಾರ್ ಅನ್ನುತ್ತಾರೆ, ಬೆನ್ನ ಹಿಂದೆ ಅತ್ತೆ.

ಮೊದಮೊದಲು ಪಿತ್ತ ನೆತ್ತಿಗೇರುತ್ತಿತ್ತು. ನಾನು ಇದೇ ಕ್ಲಬ್ಬಿನ ಡಿಫೆಂಡರ್ ಆಗಿದ್ದವನು, ಎದುರಾಳಿಗಳು ನನ್ನನ್ನು ಗೋಡೆ ಎಂದು ಕರೆಯುತ್ತಿದ್ದ ಕಾಲವೊಂದಿತ್ತು. ಮೀಸೆ ಹೊತ್ತ ಗೋಡೆ ಅತ್ತೆಯಾಗುವುದೆಂದರೆ ಏನು ಸಾಮಾನ್ಯದ ಮಾತೇ? ಆಮೇಲೆ ರೂಢಿಯಾಯಿತು. ನನಗೂ ವಟವಟ ಅನ್ನದಿದ್ದರೆ ತಿಂದದ್ದು ಅರಗುವುದಿಲ್ಲ.

ಆ ವರ್ಷ ನನ್ನ ತಲೆ ತಿಂದವನು ದೊರೆ. ಹದಿನೇಳು ವರ್ಷದವನು. ಊಟದ ಸಾಲಿನಲ್ಲಿ ಅವನು ನಿಲ್ಲುವ ಗತ್ತು ನೋಡಿ ಅಡುಗೆಮನೆಯವರು ಇಟ್ಟ ಹೆಸರು ಅದು. ಆಟದ ಮಾತು ಬಂದರೆ ಮಾತ್ರ ಕೈಮುಗಿಯಬೇಕು. ಚೆಂಡು ಅವನ ಕಾಲಿಗೆ ಸಿಕ್ಕಿತೆಂದರೆ ಎದುರಿನ ಇಬ್ಬರು ಮೂವರು ಇಂಗು ತಿಂದ ಮಂಗನಂತೆ ನಿಂತುಬಿಡುತ್ತಿದ್ದರು. ಸದ್ಯ, ನಾನು ಆಡುವ ಕಾಲದಲ್ಲಿ ಇಂಥವನು ಎದುರಾಗಲಿಲ್ಲವಲ್ಲ ಎಂದು ಎಷ್ಟೋ ಸಲ ಸಮಾಧಾನಪಟ್ಟಿದ್ದೇನೆ. ಆದರೆ ಕೋಪ ಮೂಗಿನ ತುದಿಯಲ್ಲಿ. ತಪ್ಪು ಎಂಬುದು ಅವನ ಹತ್ತಿರ ಸುಳಿಯುತ್ತಲೇ ಇರಲಿಲ್ಲ. ಗೋಲು ತಪ್ಪಿದರೆ ಹುಲ್ಲು ಉದ್ದವಾಗಿತ್ತು, ಪಾಸ್ ಕೆಟ್ಟರೆ ಅತ್ತ ಕಡೆಯವನು ಕುರುಡ, ತಡವಾಗಿ ಎದ್ದರೆ ಅತ್ತೆ ಎಬ್ಬಿಸಲಿಲ್ಲ.

ಈ ದೂರುಗಳೆಲ್ಲ ಅದೇ ದಿನ ಅವನ ಅಮ್ಮನಿಗೆ ಮುಟ್ಟುತ್ತಿದ್ದವು. ಆಕೆ ಸಿಟಿ ಬಸ್ಸು ಓಡಿಸುವವರು. ಡಿಪೋದಿಂದ ನನಗೆ ಫೋನ್ ಮಾಡಿದರೆ ಹಿಂದೆ ಎಂಜಿನ್ನುಗಳ ಗದ್ದಲ, ಅದನ್ನೂ ಮೀರಿಸುವ ಗಂಟಲು. "ಅಣ್ಣಾ, ನನ್ ಮಗನ್ನ ಕಂಡ್ರೆ ನಿಮಗ್ಯಾಕೆ ಅಷ್ಟು ಹಗೆ?" ಎಂದು ಶುರುವಾದರೆ ಅವರ ಬಸ್ಸು ಹೊರಡುವ ತನಕ ನನಗೆ ಬಿಡುಗಡೆ ಇಲ್ಲ. ಗಂಡನಿಲ್ಲದೆ ಒಬ್ಬನೇ ಮಗನನ್ನು ಸಾಕಿದವರು. ಅವನು ಹೇಳಿದ್ದೆಲ್ಲ ಅವರಿಗೆ ವೇದವಾಕ್ಯ.

ದೊರೆಯ ಕೋಣೆಯಲ್ಲೇ ಇದ್ದವನು ಗುಬ್ಬಿ. ಒಂದು ವರ್ಷ ಚಿಕ್ಕವನು, ಕಡ್ಡಿಯಂಥ ಮೈ, ಮಾತು ಅಳತೆಯದು. ಇಬ್ಬರದೂ ಮೈದಾನದಲ್ಲಿ ಒಂದೇ ಜಾಗ. ಹಾಗಾಗಿ ದೊರೆ ಹತ್ತನೇ ನಂಬರಿನ ಅಂಗಿ ಹಾಕಿಕೊಂಡು ಆಡುತ್ತಿದ್ದ, ಗುಬ್ಬಿ ಬೆಂಚಿನ ಮೇಲೆ ಕೂತು ನೋಡುತ್ತಿದ್ದ. ಬೆಳಿಗ್ಗೆ ಹೊದಿಕೆ ಎಳೆದು ದೊರೆಯನ್ನು ಎಬ್ಬಿಸುವುದು ಮಾತ್ರ ಅವನ ಕೆಲಸ.

ಪ್ರತಿ ವರ್ಷ ಪಂದ್ಯಗಳು ಮುಗಿದ ಮೇಲೆ ಕ್ಲಬ್ಬಿನ ಹಿರಿಯರ ತಂಡದ ಶಿಬಿರಕ್ಕೆ ನಮ್ಮ ಹುಡುಗರ ಅಕಾಡೆಮಿಯಿಂದ ಒಬ್ಬನನ್ನು ಕರೆಯುತ್ತಾರೆ. ಒಬ್ಬನನ್ನೇ. ಅಲ್ಲಿ ಕಣ್ಣಿಗೆ ಬಿದ್ದವನು ವಾಪಸ್ಸು ಬರದೆ ಅಲ್ಲೇ ಉಳಿದದ್ದೂ ಉಂಟು. ಆ ಸಲದ ಜಾಗ ದೊರೆಯದು ಎಂದು ಎಲ್ಲರೂ ನಂಬಿದ್ದೆವು. ಅಷ್ಟರಲ್ಲಿ ಕೊನೆಯ ಪಂದ್ಯಕ್ಕೆ ಮುಂಚಿನ ಪಂದ್ಯದಲ್ಲಿ ನಮ್ಮ ಕೋಚ್ ಅವನನ್ನು ಹೊರಗೆ ಕರೆದು ಬೇರೆಯವನನ್ನು ಇಳಿಸಿದರು. ಹೊರಗೆ ಬರುವುದೆಂದರೆ ಅವನಿಗೆ ಬೆಂಕಿ. ಬಂದವನೇ ನೀರಿನ ಬಾಟಲಿಗಳ ಕ್ರೇಟಿಗೆ ಒದ್ದ. ಒಂದು ಬಾಟಲಿ ಹಾರಿ ಎದುರು ತಂಡದ ಕೋಚ್ ಅವರ ಮೊಣಕಾಲಿಗೆ ಬಡಿಯಿತು. ರೆಫ್ರಿ ಕೆಂಪು ಕಾರ್ಡ್ ತೋರಿಸಿದರು. ಮುಂದಿನ ಪಂದ್ಯಕ್ಕೆ ದೊರೆ ಇಲ್ಲ, ಹತ್ತನೇ ಅಂಗಿ ಗುಬ್ಬಿಗೆ.

ಇಂಥ ಶಿಕ್ಷೆಯಾದ ಹುಡುಗರಿಗೆ ನಾನೊಂದು ಪದ್ಧತಿ ಮಾಡಿಟ್ಟಿದ್ದೇನೆ. ನಮ್ಮ ಮೈದಾನದ ಪಂದ್ಯಗಳಲ್ಲಿ ಬದಲಿ ಬೋರ್ಡು ಹಿಡಿಯುವುದು ಅವರ ಕೆಲಸ. ಹೊರಗೆ ಬರಬೇಕಾದವನ ನಂಬರು ಕೆಂಪು ದೀಪದಲ್ಲಿ, ಒಳಗೆ ಹೋಗುವವನದು ಹಸಿರು ದೀಪದಲ್ಲಿ. ಗುಂಡಿ ಒತ್ತಿ ನಂಬರು ಹಾಕಿ ತಲೆಯ ಮೇಲೆ ಎತ್ತಬೇಕು. ತನ್ನ ನಂಬರು ಕೆಂಪಾಗಿ ಕಂಡಾಗ ಒಬ್ಬೊಬ್ಬನ ಮುಖ ಹೇಗಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಲಿ, ನಾಲ್ಕು ಮುಖ ನೋಡಿದವನು ಬಾಟಲಿಗೆ ಒದೆಯುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಮುಂಚೆ ಮೂರ್ನಾಲ್ಕು ಜನಕ್ಕೆ ಇದು ನಾಟಿತ್ತು.

"ನಾನಾ? ಬೋರ್ಡಾ?" ಅಂದ ದೊರೆ.

"ನೀನೇ. ಕೈ ನೋಯಲ್ಲ, ಹಗುರ ಇದೆ."

"ಬೇರೆ ಯಾರಾದ್ರೂ ಹಿಡೀಲಿ ಸಾರ್."

"ಬೇರೆ ಯಾರೂ ಕ್ರೇಟಿಗೆ ಒದ್ದಿಲ್ಲಪ್ಪ."

ಮುಖ ಊದಿಸಿಕೊಂಡು ಬೋರ್ಡು ಎತ್ತಿಕೊಂಡ.

ಆ ದಿನ ಗುಬ್ಬಿ ಆಡಿದ ಆಟ ನಾನು ಮರೆಯುವಂಥದ್ದಲ್ಲ. ಒಂದು ವರ್ಷ ಬೆಂಚಿನ ಮೇಲೆ ಕೂತು ನೋಡಿದ್ದನ್ನೆಲ್ಲ ಒಂದೇ ಸಲಕ್ಕೆ ಸುರಿದುಬಿಟ್ಟ. ನಮ್ಮ ಗೋಲು ಬಂದದ್ದೂ ಅವನ ಪಾಸಿನಿಂದಲೇ. ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಹಿರಿಯರ ತಂಡದ ಕೋಚ್ ಬಂದು ಮೇಲಿನ ಸಾಲಿನಲ್ಲಿ ಕೂತರು. ಅವರನ್ನು ನಾನು ನೋಡಿದೆ, ದೊರೆಯೂ ನೋಡಿದ. ಅಷ್ಟು ಹೊತ್ತಿಗೆ ನಮ್ಮ ಏಳನೇ ನಂಬರಿನವನು ಕುಂಟತೊಡಗಿದ್ದ. ಉಳಿದಿದ್ದದ್ದು ಒಂದೇ ಬದಲಿ. ನಮ್ಮ ಕೋಚ್ "ಏಳು ಹೊರಗೆ, ಹದಿನಾಲ್ಕು ಒಳಗೆ" ಎಂದು ದೊರೆಗೆ ಹೇಳಿ, ನಮ್ಮ ಡಿಫೆಂಡರ್ ಹುಡುಗರ ಮೇಲೆ ಕೂಗಾಡಲು ಅತ್ತ ಓಡಿದರು. ನಾನು ಹದಿನಾಲ್ಕನೆಯವನ ಬೆನ್ನು ತಟ್ಟುತ್ತಿದ್ದೆ.

ತಲೆ ಎತ್ತಿ ನೋಡಿದರೆ ಗುಬ್ಬಿ ಹೊರಗೆ ಬರುತ್ತಿದ್ದಾನೆ. ಬೋರ್ಡಿನ ಮೇಲೆ ಕೆಂಪು ಹತ್ತು.

ವಿಧೇಯ ಹುಡುಗ, ಯಾಕೆ ಎಂದು ಕೇಳುವವನಲ್ಲ. ಓಡಿಕೊಂಡೇ ಬಂದ. ಹದಿನಾಲ್ಕನೆಯವನು ಒಳಗೆ ಹೋದ, ರೆಫ್ರಿ ಸೀಟಿ ಊದಿದರು. ಒಮ್ಮೆ ಹೊರಗೆ ಬಂದವನು ಮತ್ತೆ ಒಳಗೆ ಹೋಗುವಂತಿಲ್ಲ. ಕೋಚ್ ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕುಂಟುತ್ತಿದ್ದವನು ಕೊನೆಗೆ ಮೈದಾನದಲ್ಲೇ ಕೂತುಬಿಟ್ಟ, ಉಳಿದ ಹತ್ತು ಜನ ಎರಡು ಗೋಲು ಬಿಟ್ಟುಕೊಟ್ಟು ಸೋತರು. ಗುಬ್ಬಿ ತಲೆಯ ಮೇಲೆ ಟವೆಲ್ ಹೊದ್ದುಕೊಂಡು ಕೂತಿದ್ದ. ಟವೆಲ್ ಅಲುಗುತ್ತಿತ್ತು.

"ಕೈ ತಪ್ಪಿತು ಸಾರ್," ಅಂದ ದೊರೆ. "ಹತ್ತು ನನ್ ನಂಬರ್ ಅಲ್ವಾ? ಬೆರಳು ತಾನಾಗೇ ಹೋಯ್ತು."

ಕೋಚ್ ಬಾಯಿಗೆ ಬಂದಂತೆ ಬೈದರು. ಆದರೆ ನಂಬಿದರು. ಎಲ್ಲರೂ ನಂಬಿದರು. ಇಷ್ಟು ದಿನ ಬೋರ್ಡಿನ ಮೇಲೆ ಅವನು ಹುಡುಕಿದ್ದು ಆ ಒಂದೇ ನಂಬರನ್ನು, ಬೆರಳಿಗೆ ಅದೇ ಬಂದಿರಬೇಕು ಎಂದು ಅವನ ಪರ ವಾದ ಮಾಡಿದವನೂ ನಾನೇ. ಎರಡು ದಿನ ಬಿಟ್ಟು ನಮ್ಮ ಮೇಡಂ ಶಿಬಿರಕ್ಕೆ ಹೋಗುವವನ ಹೆಸರು ಹೇಳಿದರು. ಮೇಡಂ ಎಂದರೆ ಅಕಾಡೆಮಿಯ ಮುಖ್ಯಸ್ಥೆ, ಹಿಂದೆ ಗೋಲ್‌ಕೀಪರ್ ಆಗಿದ್ದವರು, ಮಾತಿನಲ್ಲೂ ಏನನ್ನೂ ಸುಲಭವಾಗಿ ಬಿಟ್ಟುಕೊಡುವವರಲ್ಲ. "ಗುಬ್ಬಿ ಆಟ ಹಿರಿಯರ ಕೋಚ್‌ಗೆ ಸರಿಯಾಗಿ ನೋಡೋಕೇ ಆಗ್ಲಿಲ್ಲ. ದೊರೇನ ಬೇಕಾದಷ್ಟು ಸಲ ನೋಡಿದ್ದಾರೆ. ಅವನೇ ಹೋಗ್ಲಿ ಅಂದ್ರು."

ಮಾರನೆಯ ದಿನ ನಾನು ಬಟ್ಟೆ ಒಗೆಯುವ ಕೋಣೆಯಲ್ಲಿ ಕಾಲುಚೀಲಗಳ ಜೋಡಿ ಹುಡುಕುತ್ತಿದ್ದೆ. ಇಡೀ ಕ್ಲಬ್ಬಿನಲ್ಲಿ ನನ್ನನ್ನು ಸೋಲಿಸಿರುವುದು ಅದೊಂದೇ ಕೆಲಸ. ದೊರೆ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲೊಂದು ಅಲಾರಂ ಗಡಿಯಾರ.

"ಇದು ಗುಬ್ಬೀದು," ಅಂದ. "ಶಿಬಿರಕ್ಕೆ ತಗೊಂಡ್ಹೋಗು ಅಂತ ಕೊಟ್ಟ. ಅಲ್ಲಿ ನಿನ್ನ ಎಬ್ಬಿಸೋಕೆ ನಾನಿರಲ್ಲ, ಲೇಟಾದ್ರೆ ಮೊದಲ ದಿನವೇ ಬೈಸ್ಕೋತೀಯ ಅಂದ."

"ಒಳ್ಳೇದಾಯ್ತು, ತಗೊಂಡ್ಹೋಗು."

ಅವನು ಹೋಗಲಿಲ್ಲ. ವಾಷಿಂಗ್ ಮಷೀನು ತಿರುಗುವುದನ್ನು ಸ್ವಲ್ಪ ಹೊತ್ತು ನೋಡಿದ.

"ಸಾರ್, ಬೆರಳು ತಾನಾಗೇ ಹೋಗಿದ್ದು ನಿಜ. ಸತ್ಯವಾಗ್ಲೂ ನಿಜ. ಆದ್ರೆ ಎತ್ತೋಕೆ ಮುಂಚೆ ನಾನು ನೋಡ್ದೆ. ಹತ್ತು ಅಂತ ಇತ್ತು. ಮೇಲೆ ಹಿರಿಯರ ಕೋಚ್ ಕೂತಿದ್ರು. ನೋಡಿ ಎತ್ತಿದೆ."

ನನ್ನ ಕೈಯಲ್ಲಿದ್ದ ಕಾಲುಚೀಲಗಳು ಅವನ ಎದೆಗೆ ಬಡಿದವು. ಎಸೆದದ್ದು ನನಗೇ ಗೊತ್ತಾಗಲಿಲ್ಲ. ಬಾಯಿಗೆ ಏನೇನು ಬಂತೋ ಅದನ್ನೆಲ್ಲ ಅಂದೆ. ಹೊಟ್ಟೆಕಿಚ್ಚಿನವನೇ ಅಂದೆ, ಒಂದೇ ಕೋಣೆಯಲ್ಲಿ ಮಲಗುವವನ ಕಾಲು ಮುರಿದೆಯಲ್ಲೋ ಅಂದೆ. ಬೈದು ಬೈದು ಸುಸ್ತಾದ ಮೇಲೆ ನನ್ನ ತಲೆಯಲ್ಲಿ ಇನ್ನೊಂದು ಯೋಚನೆ ಸುಳಿಯಿತು: ಇದು ಗೊತ್ತಿರುವುದು ನಮ್ಮಿಬ್ಬರಿಗೆ ಮಾತ್ರ. ಇಂಥ ಕಾಲು ಹತ್ತು ವರ್ಷಕ್ಕೊಂದು ಸಿಗುತ್ತದೆ. ಬಾಯಿ ಮುಚ್ಚಿಕೊಂಡು ಶಿಬಿರಕ್ಕೆ ಹೋಗು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

"ಮೇಡಂಗೆ ಹೇಳಿದ್ರೆ ಏನಾಗುತ್ತೆ ಗೊತ್ತಲ್ಲ?" ಎಂದು ಕೇಳಿದೆ.

"ಶಿಬಿರ ಹೋಗುತ್ತೆ."

"ಕ್ಲಬ್ಬೇ ಹೋಗಬಹುದು."

ಅವನು ಗಡಿಯಾರವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದ. "ನೀವೂ ಬರ್ತೀರಾ ಸಾರ್? ಒಬ್ಬನೇ ಹೋದ್ರೆ ಅರ್ಧದಲ್ಲಿ ವಾಪಸ್ ಬಂದ್ಬಿಡ್ತೀನಿ."

ಇಬ್ಬರೂ ಮೆಟ್ಟಿಲು ಹತ್ತಿದೆವು. ಮೇಡಂ ಎದುರಿಗೆ ಅವನು ನನಗೆ ಹೇಳಿದ್ದನ್ನೇ ಹೇಳಿದ. ಒಂದು ಮಾತು ಕಡಿಮೆ ಮಾಡಲಿಲ್ಲ, ನೆಪ ಸೇರಿಸಲಿಲ್ಲ. ಮೇಡಂ ಕೈ ಕಟ್ಟಿಕೊಂಡು ಕೇಳಿದರು, ಆಮೇಲೆ ಗುಬ್ಬಿಯನ್ನು ಕರೆಸಿದರು.

"ಇವನು ಹೇಳಿದ್ದನ್ನ ನೀನೂ ಕೇಳಬೇಕು," ಎಂದು ದೊರೆಯಿಂದ ಎಲ್ಲವನ್ನೂ ಮತ್ತೊಮ್ಮೆ ಹೇಳಿಸಿದರು. ಮೇಡಂಗೆ ಹೇಳುವುದಕ್ಕಿಂತ ಗುಬ್ಬಿಗೆ ಹೇಳುವುದು ಕಷ್ಟವಿತ್ತು.

ಗುಬ್ಬಿ ನೆಲ ನೋಡುತ್ತ, "ಗೊತ್ತಿತ್ತು ಮೇಡಂ," ಅಂದ.

"ಏನು ಗೊತ್ತಿತ್ತು?"

"ಅವನು ಬೋರ್ಡ್ ನೋಡಿ, ಆಮೇಲೆ ಎತ್ತಿದ್ದು ನಂಗೆ ಕಾಣಿಸ್ತು. ನಾನು ಹತ್ತಿರದಲ್ಲೇ ಇದ್ದೆ."

"ಮತ್ಯಾಕೋ ಹೇಳ್ಲಿಲ್ಲ? ಬಾಯಿಲ್ವಾ ನಿಂಗೆ?" ಎಂದು ಗದರಿದೆ.

"ನಾನು ಹೇಳಿದ್ರೆ ಅವನು ಇಲ್ಲ ಅಂತಿದ್ದ ಸಾರ್. ಆಮೇಲೆ ಒಂದೇ ಕೋಣೇಲಿ ಹೇಗಿರೋದು? ಅವನೇ ಹೇಳ್ತಾನೇನೋ ಅಂತ ನೋಡ್ತಿದ್ದೆ."

"ಹೇಳದೆ ಹೋಗಿದ್ರೆ?" ಎಂದೆ.

ಗುಬ್ಬಿ ಭುಜ ಕುಣಿಸಿದ. ಅದನ್ನು ಅವನು ಯೋಚಿಸಿರಲೇ ಇಲ್ಲವೆಂದು ತೋರುತ್ತದೆ. ದೊರೆ ಗೋಡೆಯ ಕಡೆ ತಿರುಗಿ ತೋಳಿನಿಂದ ಮುಖ ಒರೆಸಿಕೊಂಡ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಒದ್ದು, ಕೂಗಿ, ಬಾಗಿಲು ಬಡಿದು ಮುಗಿಸುವವನೇ ಹೊರತು ಅಳುವವನಲ್ಲ.

ಮೇಡಂ ಆಗಲೇ ಹಿರಿಯರ ತಂಡದ ಕೋಚಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದರು. ಶಿಬಿರಕ್ಕೆ ಗುಬ್ಬಿ ಹೋಗುವುದೆಂದು ತೀರ್ಮಾನವಾಯಿತು. ಆಮೇಲೆ ದೊರೆಯ ಕಡೆ ತಿರುಗಿದರು.

"ನಿನ್ನ ಈ ಕ್ಲಬ್ಬಿಂದ ಕಳಿಸಬೇಕು ಅಂತ ನಂಗೆ ಅನ್ನಿಸಬೇಕಿತ್ತು. ಯಾಕೋ ಅನ್ನಿಸ್ತಿಲ್ಲ. ಇನ್ನೊಂದು ವರ್ಷ ಇಲ್ಲೇ ಇರು. ಮುಂದಿನ ವರ್ಷದ ಮಾತು ಮುಂದಿನ ವರ್ಷ. ಭರವಸೆ ಕೊಡಲ್ಲ ನಾನು."

"ಇರ್ತೀನಿ ಮೇಡಂ," ಅಂದ.

ಹೊರಗೆ ಬಂದ ಮೇಲೆ ದೊರೆ ಗಡಿಯಾರವನ್ನು ಗುಬ್ಬಿಯ ಕೈಗೆ ತುರುಕಿದ. ಗುಬ್ಬಿ ಅದನ್ನು ತಿರುಗಿ ಅವನ ಕೈಗೇ ಕೊಟ್ಟ. "ನಂಗ್ಯಾಕೆ? ನಾನು ತಾನಾಗೇ ಏಳ್ತೀನಿ. ಇಲ್ಲಿ ಇನ್ಮೇಲೆ ನಿನ್ನ ಎಬ್ಬಿಸೋರು ಯಾರು, ಅತ್ತೇನಾ?" ಎಂದವನು ನಾನಿರುವುದು ನೆನಪಾಗಿ ನಾಲಿಗೆ ಕಚ್ಚಿಕೊಂಡು ಓಡಿದ. ದೊರೆ ಮೂಗು ಒರೆಸಿಕೊಳ್ಳುತ್ತಲೇ ನಕ್ಕ. ನನಗೂ ನಗು ತಡೆಯಲಿಲ್ಲ.

"ಅಮ್ಮಂಗೆ ನೀವು ಹೇಳ್ತೀರಾ ಸಾರ್?" ಎಂದು ಕೇಳಿದ.

"ಇಷ್ಟು ಹೇಳಿದೋನಿಗೆ ಅದೊಂದು ಕಷ್ಟಾನಾ? ನೀನೇ ಹೇಳು."

ಅವನು ಫೋನ್ ಹಿಡಿದುಕೊಂಡು ಮೈದಾನದ ಕಡೆಗೆ ನಡೆದ. ನಾನು ಒಗೆಯುವ ಕೋಣೆಗೆ ಹೋಗಿ, ಎಸೆದಿದ್ದ ಕಾಲುಚೀಲಗಳನ್ನು ನೆಲದಿಂದ ಆರಿಸತೊಡಗಿದೆ. ಸ್ವಲ್ಪ ಹೊತ್ತಿಗೆ ನನ್ನ ಫೋನ್ ಬಡಿದುಕೊಂಡಿತು. ಅವನ ಅಮ್ಮ. ಮಗನ ಶಿಬಿರ ತಪ್ಪಿದೆ, ಇವತ್ತು ನನ್ನನ್ನು ಹರಿದು ಮುಕ್ಕುತ್ತಾರೆ ಎಂದುಕೊಂಡು ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದೆ. ಆ ಕಡೆಯಿಂದ ಕೂಗಾಟ ಬರಲಿಲ್ಲ. ಎಂಜಿನ್ನುಗಳ ಸದ್ದು ಮಾತ್ರ.

"ಅಣ್ಣಾ," ಅಂದರು ಮೆಲ್ಲಗೆ. "ನಿಜ ಹೇಳಿ. ಅವನಿಗೆ ಮೈ ಸರಿ ಇದ್ಯಾ? ಜ್ವರ ಗಿರ ಏನಾದ್ರೂ ಬಂದಿದ್ಯಾ?"

"ಯಾಕಮ್ಮ?"

"ತಪ್ಪು ನಂದೇ ಅಮ್ಮ ಅಂದ. ಹುಟ್ಟಿದಾಗಿಂದ ಅವನ ಬಾಯಲ್ಲಿ ಆ ಮಾತು ಕೇಳಿಲ್ಲ ನಾನು. ಭಯ ಆಯ್ತು."

ಜ್ವರ ಇಲ್ಲಮ್ಮ, ಚೆನ್ನಾಗಿದ್ದಾನೆ, ಎಂದೂ ಇಲ್ಲದಷ್ಟು ಚೆನ್ನಾಗಿದ್ದಾನೆ ಎಂದು ಹೇಳುವುದಕ್ಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟು ಹೊತ್ತೂ ಆಕೆ ಬಸ್ಸು ಹೊರಡಿಸದೆ ಕಾದರು.