ಅರ್ಧ ಕಾರಿನಲ್ಲಿ ಗುಡ್ಡ ಹತ್ತಿದ್ದು

ಕನ್ನಡಕದಂಗಡಿಯವನಿಗೆ ದಿನವಿಡೀ ಒಂದೇ ಕೆಲಸ. ಎದುರಿಗೆ ಕೂತವರ ಕಣ್ಣಿಗೆ ಒಂದೊಂದೇ ಗಾಜು ಇಟ್ಟು, "ಇದು ಚೆನ್ನಾಗಿ ಕಾಣುತ್ತಾ, ಇದು ಚೆನ್ನಾಗಿ ಕಾಣುತ್ತಾ?" ಎಂದು ಕೇಳುವುದು. ಊರಿಗೆಲ್ಲ ಇದಾ ಅದಾ ಎಂದು ಕೇಳಿ ಕೇಳಿ, ತನ್ನನ್ನು ಯಾರಾದರೂ ಹಾಗೆ ಕೇಳಿದರೆ ಏನು ಹೇಳಬೇಕು ಎಂಬುದನ್ನೇ ಆಸಾಮಿ ಮರೆತುಬಿಟ್ಟಿದ್ದ. ಕಾಫಿಯಾ ಟೀಯಾ ಎಂದರೆ "ಯಾವುದು ಮಾಡ್ತೀರೋ ಅದು" ಎನ್ನುವ ಪೈಕಿ. ಎಲ್ಲದಕ್ಕೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ಇಂಥವನ ಕೊರಳಿಗೆ ಒಂದು ಕ್ಲಚ್ಚು ಮತ್ತು ಒಂದು ಫ್ಲೈವೀಲು ಆರಿಸುವ ಕೆಲಸ ಬಂದು ಬಿತ್ತು ನೋಡಿ.

ಕಾರಿನ ಕತೆ ಮೊದಲು ಹೇಳಬೇಕು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುವ, ಹಸಿರು ಬಣ್ಣದ ಸ್ಪೋರ್ಟ್ಸ್ ಕಾರು. ಗೇರನ್ನು ಕೈಯಲ್ಲೇ ಹಾಕಬೇಕು. ಮದುವೆಯಾದ ಹೊಸತರಲ್ಲಿ ಕೊಂಡದ್ದು. ಅದನ್ನು ಮನೆಗೆ ತರುವ ಹಿಂದಿನ ದಿನ ಇವನು ಅಂಗಡಿಯ ಬೋರ್ಡು ಸರಿಮಾಡಲು ಏಣಿ ಹತ್ತಿ, ಏಣಿಯ ಸಮೇತ ಕೆಳಗೆ ಬಂದಿದ್ದ. ಗೇರು ಹಾಕುವ ಕೈಗೇ ಪ್ಲಾಸ್ಟರ್. ಮಾರುವವನು ಒಂದು ದಿನವೂ ಕಾಯುವುದಿಲ್ಲ ಎಂದ. ಆಗ ಹೆಂಡತಿ ಪಕ್ಕದ ಸೀಟಿನಲ್ಲಿ ಕೂತು, "ನೀವು ಕಾಲು ನೋಡ್ಕೊಳ್ಳಿ, ಗೇರು ನಾನು ಹಾಕ್ತೀನಿ" ಎಂದಳು.

ಅವಳು ಆಪರೇಷನ್ ಥಿಯೇಟರಿನ ನರ್ಸು. ಡಾಕ್ಟರು ಬಾಯಿ ಬಿಡುವ ಮೊದಲೇ ಕತ್ತರಿಯೋ ಚಿಮುಟವೋ ಅವರ ಅಂಗೈಯಲ್ಲಿ ಇಟ್ಟಿರುವ ಹೆಂಗಸು. ಇವನ ಕಾಲು ಕ್ಲಚ್ಚಿಗೆ ತಾಗುವುದಕ್ಕೂ ಅವಳ ಕೈಯಲ್ಲಿ ಗೇರು ಬೀಳುವುದಕ್ಕೂ ನಡುವೆ ಒಂದು ಕೂದಲು ತೂರುತ್ತಿರಲಿಲ್ಲ. ಅದೇ ರೂಢಿಯಾಯಿತು. ಪ್ಲಾಸ್ಟರ್ ಬಿಚ್ಚಿದರೂ ರೂಢಿ ಬಿಚ್ಚಲಿಲ್ಲ. ವರ್ಷಗಳೇ ಕಳೆದವು, ಕಾಲು ಅವನದು, ಕೈ ಅವಳದು. ಅವಳು ಡ್ಯೂಟಿಗೆ ಹೋದರೆ ಕಾರು ಶೆಡ್ಡಿನಲ್ಲಿ. ಇಬ್ಬರಿಗೂ ಜಗಳವಾದರೆ ಅವಳು ಎರಡನೇ ಗೇರಿನಿಂದ ಮೇಲಕ್ಕೆ ಹೋಗುತ್ತಿರಲಿಲ್ಲ. ಒಮ್ಮೆ ಪಕ್ಕದ ಊರಿನ ಮದುವೆಗೆ ಹೋಗುವ ಇಡೀ ದಾರಿ ಎರಡನೇ ಗೇರಿನಲ್ಲೇ ಸಾಗಿ, ಮದುಮಕ್ಕಳು ಮನೆಗೆ ಹೊರಟ ಮೇಲೆ ಇವರು ತಲುಪಿದ್ದರು.

ಈಗ ವಿಷಯಕ್ಕೆ ಬರೋಣ. ದೂರದ ಊರಿನ ದೊಡ್ಡ ಆಸ್ಪತ್ರೆಯೊಂದು ಅವಳನ್ನು ಕರೆದಿತ್ತು. ಇಡೀ ಥಿಯೇಟರಿಗೆ ಮುಖ್ಯಸ್ಥೆಯ ಹುದ್ದೆ, ಸೋಮವಾರದೊಳಗೆ ಹೂಂ ಅಥವಾ ಊಹೂಂ ತಿಳಿಸಬೇಕು. "ಹೋಗಲಾ?" ಎಂದು ಅವಳು ಮೊದಲ ಸಲ ಕೇಳಿದಾಗ ಇವನು "ನಿನ್ನಿಷ್ಟ" ಎಂದ. ಮತ್ತೆ ಕೇಳಿದಾಗ "ಯೋಚನೆ ಮಾಡು" ಎಂದ. ಹೋಗಬೇಡ ಎನ್ನಲು ಮನಸ್ಸು ಒಪ್ಪದು, ಅಂಥ ಕೈಯನ್ನು ಕಟ್ಟಿಹಾಕಿದ ಪಾಪ ಬೇಡ. ಹೋಗು ಎನ್ನಲು ನಾಲಿಗೆ ಏಳದು, ಅವಳಿಲ್ಲದ ಮನೆಯನ್ನು ನೆನೆಯಲೂ ಆಗದು. ಇದನ್ನಾದರೂ ಬಾಯಿಬಿಟ್ಟು ಹೇಳಬಾರದೇ, ಪುಣ್ಯಾತ್ಮ. ಹೇಳಲಿಲ್ಲ.

ಭಾನುವಾರ ಅವಳ ಅಕ್ಕನ ಮನೆಗೆ ಹೊರಟಿದ್ದರು. ಮನೆ ಗುಡ್ಡದ ತಲೆಯ ಮೇಲೆ. ಏರು ಮುಕ್ಕಾಲು ಮುಗಿದಾಗ ಮುಂದಿನ ವ್ಯಾನು ನಿಂತಿತು, ಇವರೂ ನಿಂತರು. ವ್ಯಾನು ಹೊರಟಿತು. ಇವನು ಕ್ಲಚ್ ತುಳಿದು ಮೊದಲ ಗೇರಿಗೆ ಕಾದ. ಅವಳು ಗೇರು ಹಾಕಿದವಳೇ, ಅದರ ಮೇಲಿನ ಕೈ ತೆಗೆಯದೆ, "ಹೋಗಲಾ ಬೇಡವಾ?" ಎಂದಳು. ಇವನು ಕ್ಲಚ್ಚನ್ನು ಅರ್ಧ ಬಿಟ್ಟು, ಆಕ್ಸಿಲರೇಟರ್ ಅರ್ಧ ಒತ್ತಿ, ಮುಂದೆಯೂ ಹೋಗದೆ ಹಿಂದೆಯೂ ಜಾರದೆ, "ನೋಡೋಣ" ಎಂದ.

ಅವಳು ಗೇರನ್ನು ನ್ಯೂಟ್ರಲ್‌ಗೆ ಎಳೆದು ಕೈ ಕಟ್ಟಿ ಕೂತಳು. ಹಿಂದಿನವರ ಹಾರ್ನು ಕೇಳಿ ಮತ್ತೆ ಮೊದಲ ಗೇರು ಹಾಕಿದಳು, ಮತ್ತೆ "ಹೋಗಲಾ?" ಎಂದಳು. ಅವನು ಮತ್ತೆ ಅರ್ಧ ಕ್ಲಚ್ಚು, ಮತ್ತೆ "ನೋಡೋಣ". ಹೀಗೇ ನಡೆಯಿತು. ಕೊನೆಗೆ ಕಾರಿನ ಕೆಳಗಿನಿಂದ ಹೊಗೆ ಎದ್ದು, ಕಾಲಿನ ಕೆಳಗಿನ ಪೆಡಲು ಜೀವವಿಲ್ಲದೆ ಬಿದ್ದುಕೊಂಡಿತು. ಅಕ್ಕ ಮೇಲಿನ ಮನೆಯಿಂದ ಇಳಿದು ಬಂದು, ಮೂಗು ಮುಚ್ಚಿಕೊಂಡು, "ಒಲೆ ಮೇಲೆ ಏನಾದ್ರೂ ಬಿಟ್ಟು ಬಂದಿದ್ದೀರಾ?" ಎಂದು ಕೇಳಿದಳು.

ಹಾಗೆ ಕಾರು ಅದೇ ದಿನ ಗ್ಯಾರೇಜು ಸೇರಿತು. ಗ್ಯಾರೇಜಿನವನನ್ನು ಊರೆಲ್ಲ ಕರೆಯುತ್ತಿದ್ದುದು ಸೋಡಾಬುಡ್ಡಿ ಎಂದು. ಅವನ ಮೂಗಿನ ಮೇಲಿನ ದಪ್ಪ ಗಾಜು ಇದೇ ಕನ್ನಡಕದಂಗಡಿಯದು. ಅದನ್ನು ಆರಿಸಲು ಒಂದು ಇಡೀ ಮಧ್ಯಾಹ್ನ ಅಂಗಡಿಯವನು ಇದಾ ಅದಾ ಎಂದು ತನ್ನನ್ನು ಗೋಳು ಹೊಯ್ದುಕೊಂಡದ್ದನ್ನು ಅವನು ಮರೆತಿರಲಿಲ್ಲ. ಗುಡ್ಡದ ಮೇಲೆ ವ್ಯಾನಿನ ಹಿಂದೆ ಆದದ್ದನ್ನೂ ದೂರದ ಊರಿನ ಹುದ್ದೆಯನ್ನೂ ಹೆಂಡತಿ ಅವನಿಗೆ ಆಗಲೇ ಹೇಳಿಯಾಗಿತ್ತು.

"ಕ್ಲಚ್ ಪ್ಲೇಟು ಸುಟ್ಟು ಹಪ್ಪಳ ಆಗಿದೆ" ಎಂದ ಸೋಡಾಬುಡ್ಡಿ. "ಅದು ಅಂಟ್ಕೊಳ್ಳೋ ಫ್ಲೈವೀಲೂ ಕಾದು ನೀಲಿ ತಿರುಗಿದೆ. ಎರಡೂ ಬದಲಾಯಿಸ್ಬೇಕು. ಈಗ ಹೇಳಿ ಸಾರ್, ಭಾರದ್ದು ಹಾಕ್ಲಾ, ಹಗುರದ್ದು ಹಾಕ್ಲಾ?"

ಕನ್ನಡಕದವನ ಹಣೆಯಲ್ಲಿ ಬೆವರು ಒಡೆಯಿತು. "ವ್ಯತ್ಯಾಸ ಏನು?"

"ಫ್ಲೈವೀಲ್ ಅಂದ್ರೆ ಇಂಜಿನ್ನಿನ ಬೆನ್ನಿಗಿರೋ ಕಬ್ಬಿಣದ ಗಾಲಿ. ಭಾರದ್ದಾದ್ರೆ ನೀವು ಕ್ಲಚ್ ಒತ್ತಿದ ಮೇಲೂ ಇಂಜಿನ್ನಿನ ವೇಗ ನಿಧಾನಕ್ಕೆ ಇಳಿಯುತ್ತೆ, ಮುಂದಿನ ಗೇರಿಗೆ ಕಾಯುತ್ತೆ. ಅದರ ಜೊತೆ ಬರೋ ಕ್ಲಚ್ಚೂ ಮೆತ್ತಗೆ. ಹಗುರದ್ದು ಕಾಯೋ ಪೈಕಿ ಅಲ್ಲ. ಫಟ್ಟಂತ ಏರುತ್ತೆ, ಫಟ್ಟಂತ ಇಳಿಯುತ್ತೆ. ಓಡಿಸೋಕೆ ಮಜಾ, ಆದ್ರೆ ಕಾಲೂ ಕೈಯೂ ಒಬ್ಬರದ್ದೇ ಆಗಿರ್ಬೇಕು." ಅವನು ಗಂಡನನ್ನೂ ಹೆಂಡತಿಯನ್ನೂ ಒಬ್ಬೊಬ್ಬರಾಗಿ ನೋಡಿದ. "ಕಾಲೊಬ್ಬರದ್ದು ಕೈಯೊಬ್ಬರದ್ದು ಅನ್ನೋ ನಿಮ್ಮ ಹುಚ್ಚು ಮುಂದುವರಿಯೋದಾದ್ರೆ ಭಾರದ್ದೇ ಗತಿ. ಮುಂದುವರಿಯುತ್ತಾ?"

ಗಂಡ ಹೆಂಡತಿಯ ಕಡೆ ನೋಡಿದ. ಹೆಂಡತಿ ಗೋಡೆಗೆ ನೇತುಹಾಕಿದ ಟೈರುಗಳ ಕಡೆ ನೋಡಿದಳು. ನಾಳೆಯೇ ಸೋಮವಾರ.

"ಯಾವುದು ಒಳ್ಳೇದು ಅಂತ ನೀವೇ ಹೇಳಿಬಿಡಿ" ಎಂದ ಕನ್ನಡಕದವನು.

"ನಾನು ಹೇಳಲ್ಲ. ಕೂತು ನೋಡಿ ಹೇಳ್ಬೇಕು. ಅದು ನಮ್ಮ ಗ್ಯಾರೇಜಿನ ಕ್ರಮ."

ಕ್ರಮ ಎಂದರೆ ಕ್ರಮವೇ. ಗ್ಯಾರೇಜಿನ ಹಿಂಭಾಗದಲ್ಲಿ ಎರಡು ಅರ್ಧ ಕಾರುಗಳಿದ್ದವು. ಸೀಟಿನ ಹಿಂದಕ್ಕೆ ಕತ್ತರಿಸಿ, ಚಕ್ರ ಕಿತ್ತು, ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದ ಎರಡು ಮುಂಭಾಗಗಳು. ಒಂದಕ್ಕೆ ಭಾರದ ಫ್ಲೈವೀಲು, ಇನ್ನೊಂದಕ್ಕೆ ಹಗುರದ್ದು. ಗೇರ್‌ಬಾಕ್ಸಿನ ಬಾಲಕ್ಕೆ ಒಂದು ಕಬ್ಬಿಣದ ಉರುಳೆ. ಸೋಡಾಬುಡ್ಡಿ ಅದನ್ನು ರಸ್ತೆ ಎಂದು ಕರೆಯುತ್ತಿದ್ದ. ಉರುಳೆಯ ಪಕ್ಕ ಸ್ಟೂಲು ಹಾಕಿ ಕೂತು, ತಿರುಪು ಬಿಗಿ ಮಾಡಿದರೆ ಏರು, ಸಡಿಲ ಮಾಡಿದರೆ ಇಳಿಜಾರು. ಗಿರಾಕಿಗಳು ತಾವು ದಿನಾ ಹೋಗುವ ದಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಪೂರ್ತಿ ಓಡಿಸಿ ಮುಗಿಸಬೇಕು. ನಡುವೆ ಇಳಿಯುವಂತಿಲ್ಲ.

"ಎಲ್ಲಿಗೆ ಹೋಗ್ತೀರಾ?"

"ಅಕ್ಕನ ಮನೆಗೆ" ಎಂದಳು ಹೆಂಡತಿ.

ಮೊದಲು ಭಾರದ್ದು. ಇಬ್ಬರೂ ಹತ್ತಿ ಕೂತು ಬಾಗಿಲು ಹಾಕಿಕೊಂಡರು. ಎದುರಿಗೆ ಒಂದು ಗೋಡೆ, ಗೋಡೆಯ ಮೇಲೆ ಹಳೇ ಕ್ಯಾಲೆಂಡರು. ಅವನು ಕ್ಲಚ್ ಒತ್ತಿದ, ಅವಳು ಗೇರು ಹಾಕಿದಳು, ಉರುಳೆ ತಿರುಗಿತು. ಇಂಜಿನ್ನು ಎಲ್ಲಿಯೂ ಅವಸರ ಮಾಡಲಿಲ್ಲ. ಎರಡು, ಮೂರು, ನಾಲ್ಕು, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ.

"ಮಾರ್ಕೆಟ್ ರಸ್ತೆ ಯಾಕೆ ಹಿಡಿದ್ರಿ?" ಎಂದಳು ಹೆಂಡತಿ, ಕ್ಯಾಲೆಂಡರು ನೋಡುತ್ತ. "ಈ ಹೊತ್ತಲ್ಲಿ ಅಲ್ಲಿ ಇರುವೆಗೂ ಜಾಗ ಇರಲ್ಲ."

"ಆಸ್ಪತ್ರೆ ರಸ್ತೆ ಅಗೆದಿದ್ದಾರೆ."

"ನಿನ್ನೆ ಮುಚ್ಚಿದ್ರು. ದಿನಾ ಓಡಾಡೋಳು ನಾನು."

ಅವನು ಸ್ಟೇರಿಂಗು ತಿರುಗಿಸಿ ದಾರಿ ಬದಲಿಸಿದ. ಅವಳು "ಇಂಡಿಕೇಟರ್ ಹಾಕಿ" ಅಂದಳು, ಅವನು ಹಾಕಿದ. ಒಂದು ನಾಯಿ ಅಡ್ಡ ಬಂತು, ಇಬ್ಬರೂ ಮುಂದಕ್ಕೆ ವಾಲಿದರು. ಹೀಗೆ ಗುಡ್ಡ ಹತ್ತಿ ಅಕ್ಕನ ಮನೆ ಮುಟ್ಟಿದರು. "ಕ್ಷೇಮವಾಗಿ ಬಂದ್ರಲ್ಲ" ಎಂದು ಸೋಡಾಬುಡ್ಡಿ ತಿರುಪು ಸಡಿಲಿಸಿದ.

ಆಮೇಲೆ ಹಗುರದ್ದು. ಅಯ್ಯೋ, ಅದರ ಪಾಡು ಕೇಳಬೇಡಿ. ನಿಂತಲ್ಲೇ ಡಬ್ಬಿಯಲ್ಲಿ ಕಲ್ಲು ಹಾಕಿ ಅಲುಗಿಸಿದ ಸದ್ದು. ಕ್ಲಚ್ಚು ಕಲ್ಲಿನಷ್ಟು ಬಿಗಿ. ಇವನ ಕಾಲು ಒತ್ತುವುದರೊಳಗೆ ಇಂಜಿನ್ನಿನ ಉಸಿರು ಇಳಿದುಹೋಗಿ, ಅವಳ ಗೇರು ಬಿದ್ದಾಗ ಅರ್ಧ ಕಾರು ಬಿಕ್ಕಳಿಸುತ್ತಿತ್ತು. ಥಿಯೇಟರಿನ ಆ ಕೈಯೂ ಇವನ ಕಾಲಿಗೆ ಹೊಂದಲಾರದೆ ಸೋತಿತು. ಬಿಕ್ಕಳಿಸುತ್ತ ಬಿಕ್ಕಳಿಸುತ್ತ ಗುಡ್ಡದ ಬುಡಕ್ಕೆ ಬಂದರು.

"ಏರು ಬಂತು" ಎಂದ ಸೋಡಾಬುಡ್ಡಿ ತಿರುಪು ಬಿಗಿಮಾಡಿ. "ಮುಂದೆ ವ್ಯಾನು ನಿಂತಿದೆ."

ಇವನು ಬ್ರೇಕು ಒತ್ತಿ ನಿಂತ. ಅವಳ ಕೈ ಗೇರಿನ ಮೇಲೆ ಬಂತು, ಆದರೆ ಗೇರು ಬೀಳಲಿಲ್ಲ.

"ಹೋಗಲಾ?" ಎಂದಳು. ಈ ಸಲ ದನಿಯಲ್ಲಿ ಕೋಪ ಇರಲಿಲ್ಲ, ಅದೇ ಇವನಿಗೆ ಹೆದರಿಕೆ ಹುಟ್ಟಿಸಿತು. "ನಾಳೆ ಬೆಳಿಗ್ಗೆ ಹೇಳ್ಬೇಕು ರೀ. ನೀವು ಬಾಯಿ ಬಿಡದಿದ್ರೆ ಹೋಗು ಅಂತಾನೇ ತಿಳ್ಕೊಳ್ತೀನಿ." ಅಷ್ಟು ಹೇಳಿ ಗೇರಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಸಾರ್, ವ್ಯಾನು ಹೋಯ್ತು" ಎಂದ ಸೋಡಾಬುಡ್ಡಿ. "ಹಿಂದೆ ಲಾರಿ ಬಂತು. ಬ್ರೇಕು ಹಿಡೀತಿಲ್ಲ ಅದಕ್ಕೆ. ಬಂತು ಸಾರ್, ಬಂತು, ಮೇಲೇ ಬಂತು."

ನೆಲಕ್ಕೆ ಬೋಲ್ಟು ಹಾಕಿದ ಅರ್ಧ ಕಾರಿಗೆ ಲಾರಿ ಗುದ್ದುವುದುಂಟೇ? ಆದರೆ ಆ ಕ್ಷಣದಲ್ಲಿ ಯಾರಿಗೆ ಇದೆಲ್ಲ ಹೊಳೆಯುತ್ತದೆ. ಪಕ್ಕದಲ್ಲಿ ಹೆಂಡತಿ ಇದ್ದಾಳೆ ಎಂಬುದೊಂದೇ ಕನ್ನಡಕದವನ ತಲೆಯಲ್ಲಿ. ಕಾಲು ಕ್ಲಚ್ಚಿಗೆ ಹೋಯಿತು, ಕೈ ಗೇರಿಗೆ ಹೋಯಿತು. ಮೊದಲನೆಯದು ಬಿತ್ತು. ಎರಡನೆಯದು ಬಿತ್ತು. ಫಟ್ ಫಟ್ಟೆಂದು ಮೂರನೆಯದೂ ಬಿತ್ತು. ಒಂದು ಬಿಕ್ಕಳಿಕೆ ಇಲ್ಲ. ಅರ್ಧ ಕಾರು ಗುಡ್ಡದ ತುದಿಗೆ ಹಾರಿ ನಿಂತಿತು.

ಉರುಳೆ ತಿರುಗಿ ತಿರುಗಿ ನಿಂತಿತು.

"ನಿಮಗೆ ಗೇರು ಹಾಕೋಕೆ ಬರುತ್ತೆ" ಎಂದಳು ಹೆಂಡತಿ.

ಇವನು ತನ್ನ ಕೈಯನ್ನು ಕದ್ದ ಮಾಲಿನ ಹಾಗೆ ಬೆನ್ನ ಹಿಂದೆ ಇಟ್ಟುಕೊಂಡ. ಇಷ್ಟು ಹೊತ್ತು ನಾನೂ ಹೇಳಲಿಲ್ಲ, ಅವನೇ ಯಾರಿಗೂ ಹೇಳದ ಸಂಗತಿಯನ್ನು ನಾನು ಹೇಗೆ ಹೇಳಲಿ.

"ಯಾವಾಗಿಂದ?"

"ಪ್ಲಾಸ್ಟರ್ ಬಿಚ್ಚಿದಾಗಿಂದ. ನೀನು ಡ್ಯೂಟಿಗೆ ಹೋದಾಗ ಶೆಡ್ಡಿನ ಬಾಗಿಲು ಹಾಕ್ಕೊಂಡು ಹಾಕ್ತಿದ್ದೆ."

"ಮತ್ತೆ ಇವತ್ತು ಬೆಳಿಗ್ಗೆ ಗುಡ್ಡದ ಮೇಲೆ ನಾನು ಕೈ ಕಟ್ಟಿ ಕೂತಾಗ? ನೀವೇ ಗೇರು ಹಾಕ್ಕೊಂಡು ಹೋಗಬಹುದಿತ್ತಲ್ಲ. ಕ್ಲಚ್ಚು ಸುಟ್ಟುಹೋಗೋ ತನಕ ಕೂತಿದ್ರಲ್ಲ."

"ನನಗೆ ಬರುತ್ತೆ ಅಂತ ಗೊತ್ತಾದ್ರೆ ನೀನು ಕೈ ತೆಗೀತೀಯ ಅಂತ."

ಅವಳು ಬಾಗಿಲು ತೆರೆದು ಇಳಿದಳು. ಇವನು ಹೊರಟೇ ಹೋದಳು ಅಂದುಕೊಂಡ. ಅವಳು ಸುತ್ತು ಹಾಕಿ ಬಂದು, "ಸರೀರಿ ಆ ಕಡೆ" ಎಂದು ಇವನನ್ನು ಪಕ್ಕದ ಸೀಟಿಗೆ ತಳ್ಳಿ ತಾನು ಸ್ಟೇರಿಂಗು ಹಿಡಿದು ಕೂತಳು. ಆ ಕಲ್ಲಿನಂಥ ಕ್ಲಚ್ಚನ್ನು ಒಂದೇ ಏಟಿಗೆ ಒತ್ತಿ, ಮೊದಲನೆಯದರಿಂದ ಐದನೆಯದರವರೆಗೆ ಗೇರು ಹಾಕಿ, ಅಕ್ಕನ ಮನೆ ದಾಟಿ, ಗುಡ್ಡದ ಆಚೆ ಇಳಿದು, ಇಂಜಿನ್ ಆರಿಸಿದಳು.

"ಆಂಬುಲೆನ್ಸ್ ಡ್ರೈವರ್ ಕಲಿಸಿದ್ರು" ಎಂದಳು, ಕ್ಯಾಲೆಂಡರಿಗೆ ಹೇಳುವ ಹಾಗೆ. "ನಾವು ಕಾರು ತಂದ ವರ್ಷವೇ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಯಾಕೆ ಹೇಳ್ಲಿಲ್ಲವೋ ಅದಕ್ಕೇ."

ಸೋಡಾಬುಡ್ಡಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ. ಅವನಿಗೆ ಲೆಕ್ಕ ಸುಲಭವಾಗಿತ್ತು. "ಇಬ್ಬರಿಗೂ ಬರುತ್ತೆ ಅಂದ್ಮೇಲೆ ತಕರಾರೇ ಇಲ್ಲ. ಹಗುರದ್ದು ಹಾಕಿಬಿಡ್ತೀನಿ. ಒಬ್ಬರೇ ಎಲ್ಲಿಗೆ ಬೇಕಾದ್ರೂ ಹೋಗಬಹುದು. ಸಿಸ್ಟರ್ ಆ ಊರಿಗೆ ಹೋದ್ರೆ ಕಾರು ತಗೊಂಡೇ ಹೋಗಲಿ. ಏನು ಸಾರ್, ಇದೇನಾ, ಅದಾ?"

ಹೆಂಡತಿ ಇವನ ಮುಖವನ್ನೇ ನೋಡುತ್ತಿದ್ದಳು. ಈಗ ಇವನಿಗೆ ಗೊತ್ತಾಯಿತು, ಅಂಗಡಿಯ ಕುರ್ಚಿಯಲ್ಲಿ ಕೂತವರಿಗೆ ಎಷ್ಟು ಕಷ್ಟವಾಗುತ್ತದೆ ಎಂದು. ಎರಡೂ ಗಾಜಿನಲ್ಲಿ ಮಂಜು. ಒಂದರಲ್ಲಿ ಅವಳು ಹೋಗುತ್ತಾಳೆ, ಇನ್ನೊಂದರಲ್ಲಿ ತನ್ನಿಂದಾಗಿ ಉಳಿಯುತ್ತಾಳೆ.

"ಭಾರದ್ದು" ಎಂದ.

ಹೆಂಡತಿಯ ಮುಖ ಇಳಿಯಿತು. "ಅಂದ್ರೆ ಹೋಗಬೇಡ ಅಂತ."

"ಹೋಗು ಅಂತ. ನಾಳೆ ಹೂಂ ಅಂತ ಹೇಳು." ಎಂದ ಅವನು. "ಆ ಊರಲ್ಲೂ ಜನಕ್ಕೆ ಕಣ್ಣು ಮಂಜಾಗುತ್ತಲ್ಲ. ಅಂಗಡಿ ಕಿತ್ತು ಅಲ್ಲಿಗೇ ತಂದು ಹಾಕ್ತೀನಿ. ಭಾರದ್ದೇ ಹಾಕಿ ಮೇಸ್ತ್ರಿ. ನನಗೆ ನೀನಿಲ್ಲದೆ ಆಗಲ್ಲ ಕಣೇ." ಕೊನೆಯದನ್ನು ಮೇಸ್ತ್ರಿಯ ಕಡೆ ಮುಖ ಮಾಡಿಯೇ ಹೇಳಿದ್ದರಿಂದ ಸೋಡಾಬುಡ್ಡಿ ಒಂದು ಹೆಜ್ಜೆ ಹಿಂದೆ ಸರಿದ.

"ಇದನ್ನ ಹೇಳೋಕೆ ಒಂದು ಕ್ಲಚ್ಚು ಸುಡಬೇಕಿತ್ತಾ?" ಎಂದಳು ಹೆಂಡತಿ. ಮೂಗು ಒರೆಸಿಕೊಳ್ಳಲು ಕರವಸ್ತ್ರ ಸಿಗದೆ, ಗ್ಯಾರೇಜಿನ ಎಣ್ಣೆ ಬಟ್ಟೆಯಲ್ಲೇ ಒರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡಳು.

ಹೊಸ ಕ್ಲಚ್ಚೂ ಭಾರದ ಫ್ಲೈವೀಲೂ ಕೂತ ದಿನ ಇಬ್ಬರೂ ಕಾರು ತರಲು ಹೋದರು. ಅಲ್ಲಿಂದ ನೇರ ಆ ಊರಿಗೆ, ಅಂಗಡಿಗೆ ಜಾಗ ನೋಡಲು ಹೊರಟವರು. ಗ್ಯಾರೇಜಿನ ಗೇಟಿನ ಹತ್ತಿರ, ರಸ್ತೆಗೆ ಇಳಿಯುವ ಮುನ್ನ ಕಾರು ನಿಂತಿತು. ಇವನು ಕ್ಲಚ್ ಒತ್ತಿ ಕಾದ. ಅವಳು ಮಡಿಲಲ್ಲಿ ಕೈ ಇಟ್ಟುಕೊಂಡು ಕಾದಳು. ಇಂಜಿನ್ನೂ ಕಾಯಿತು. ಹಿಂದೆ ಯಾರೋ ಹಾರ್ನು ಹೊಡೆದರು, ಈ ಸಲ ಸೋಡಾಬುಡ್ಡಿಯ ಲಾರಿಯಲ್ಲ, ನಿಜವಾದ ಗಾಡಿ.

"ಹಾಕ್ಕೊಳ್ಳಿ" ಎಂದಳು ಹೆಂಡತಿ. "ನಿಮಗೆ ಬರುತ್ತಲ್ಲ."

"ಬರಲ್ಲ" ಎಂದ ಅವನು.

ಅವಳು ಕೈ ಚಾಚಿ ಮೊದಲ ಗೇರು ಹಾಕಿದಳು.