ಎಡಸುತ್ತು

“ಹೆಣಗಳಿಗೆ ಯಾಕ್ಲಾ ಬಾರ್ಡರು? ಎದ್ದು ಓಡೋಯ್ತವಾ?”

ಚನ್ನವೀರಯ್ಯ ತನ್ನ ಮಾತಿಗೆ ತಾನೇ ನಕ್ಕ. ಅವನು ನಕ್ಕನೆಂದು ಲಕ್ಷ್ಮೀಕಾಂತನೂ ನಕ್ಕ. ಗುಬ್ಬಿ ಕಡೆಯ ಜಮೀನುಗಳ ನಕ್ಷೆಯನ್ನು ಕಂಪ್ಯೂಟರಿಗೆ ಏರಿಸುವ ಗುತ್ತಿಗೆ ಹಿಡಿದು ತುಮಕೂರಿನಲ್ಲಿ ಮಹಡಿಯೊಂದನ್ನು ಬಾಡಿಗೆಗೆ ತೆಗೆದುಕೊಂಡವನು ಲಕ್ಷ್ಮೀಕಾಂತ. ತೋಟ ಇದ್ದವರು ನಕ್ಕಾಗ ನಗುವುದೂ ಗುತ್ತಿಗೆಯಲ್ಲೇ ಸೇರಿತ್ತು. ಕೆಂಪು ಪೆನ್ಸಿಲ್ ತೆಗೆದು ಅಳತೆಯ ಹಾಳೆಯ ಕೊನೆಯ ಸಾಲುಗಳ ಮೇಲೆ ಗೀಟೆಳೆದ. ಹೊನ್ನೇಕಟ್ಟೆಯ ಕೇರಿಯವರು ಹೆಣ ಹೂಳುವ ನೆಲ ಆ ಸಾಲುಗಳಲ್ಲಿತ್ತು.

“ಸುಡುಗಾಡು ಬುಟ್ಟಾಕು. ತೋಟ ಒಂದ್ನೇ ಸೇರ್ಸು.”

ಅಲ್ಲಿ ಅಂಕಿ ಹೊಡೆಯುವ ಕೆಲಸಕ್ಕಿದ್ದ ರಂಗಲಕ್ಷ್ಮಿ ಹಾಳೆ ತೆಗೆದುಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಹೋದ ತಿಂಗಳು ಅವಳ ಅಜ್ಜಿ ನರಸಿಂಹಮ್ಮ ಸತ್ತಾಗ ಚಟ್ಟ ಅದೇ ನೆಲದ ಹೊರಗೆ ಬಿಸಿಲಲ್ಲಿ ಕಾದಿತ್ತು. ಸುತ್ತ ತೆಂಗು ಬೆಳೆಸಿದ್ದ ಚನ್ನವೀರಯ್ಯ ನಡುವಿನದೂ ತನ್ನದೇ ಎಂದು ತಂತಿ ಎಳೆಸಿದ್ದ. ಅವಳ ಅಪ್ಪ ಚಿಕ್ಕಬೋರಯ್ಯ ಕಾಲು ಹಿಡಿದ ಮೇಲೆ ಅವನು ತಂತಿ ಬಿಚ್ಚಿಸಿ ಹೇಳಿದ್ದ: “ಇದೇ ಕೊನೇ ಹೆಣ ಕಣ್ಲಾ. ನಕ್ಷೆ ಒಂದು ಆಗ್ಲಿ, ಟ್ರ್ಯಾಕ್ಟರ್ ಹೊಡಿಸ್ತೀನಿ.”

ಈಗ ನಕ್ಷೆ ಆಗುತ್ತಿತ್ತು. ಚನ್ನವೀರಯ್ಯ ಕುರ್ಚಿ ಎಳೆದುಕೊಂಡು ಅವಳ ಪಕ್ಕಕ್ಕೇ ಬಂದು ಕೂತ.

“ನೋಡ್ಕಂಡು ಹೊಡಿ ತಾಯಿ, ಒಂದಡಿನೂ ಕಮ್ಮಿ ಆಗ್ಬಾರ್ದು. ಯಾವೂರಮ್ಮ ನಿಂದು?”

“ಹೊನ್ನೇಕಟ್ಟೆ. ಚಿಕ್ಕಬೋರಯ್ಯನ ಮಗಳು.”

ಕುರ್ಚಿ ಸರ್ರನೆ ಹಿಂದೆ ಹೋಯಿತು. ಕೈಯಲ್ಲಿದ್ದ ಟೀ ಲೋಟ ಮೇಜಿಗೆ ಬಂತು.

“ಲೇ ಲಕ್ಷ್ಮೀಕಾಂತ, ನನ್ ತೋಟನ ಇವ್ಳ ಕೈಲಿ ಮುಟ್ಟುಸ್ತಿದೀಯೇನ್ಲಾ?”

“ಮುಟ್ಟಲ್ಲ ಬುಡಣ್ಣ, ಬರೀ ನಂಬರ್ರು,” ಎಂದು ಲಕ್ಷ್ಮೀಕಾಂತ ಸಮಾಧಾನ ಮಾಡಿದ. ಅವಳತ್ತ ತಿರುಗಿ, “ಬಲಕ್ಕೆ ಸುತ್ತಮ್ಮ, ಜ್ಞಾಪ್ಕ ಐತಾ? ದೇವಸ್ಥಾನ ಸುತ್ತೋ ಹಂಗೆ. ಎಡಕ್ಕೆ ಸುತ್ತಿದ್ರೆ ಮಿಷನ್ನು ಅದ್ನ ತೂತು ಅನ್ಕೋತದೆ, ಜಮೀನಿಂದ ಕಳ್ದುಬುಡ್ತದೆ.”

“ದೇವಸ್ಥಾನ ಇವ್ರಿಗೇನ್ ಗೊತ್ಲಾ? ಬೀದಿ ತುದೀಲಿ ನಿಂತು ಕೈ ಮುಗ್ದ ನನ್ಮಕ್ಳು.”

ಅದು ನಿಜವೇ. ಬಲಸುತ್ತು ಅವಳು ಈ ಕೆಲಸಕ್ಕೆ ಬಂದ ಮೇಲೆ ಕಲಿತದ್ದು. ಎಡಸುತ್ತು ಮೊದಲೇ ಗೊತ್ತಿತ್ತು. ಅಜ್ಜಿಯನ್ನು ಹೊತ್ತವರು ಗುಂಡಿಯ ಸುತ್ತ ಎಡಕ್ಕೇ ತಿರುಗಿದ್ದರು.

ಲಕ್ಷ್ಮೀಕಾಂತ ಯಜಮಾನರಿಗೆ ತಟ್ಟೆ ಇಡ್ಲಿ ತರಲು ತಾನೇ ಕೆಳಗಿಳಿದ. ಅವಳು ಕಪ್ಪು ಪರದೆಯ ಮೇಲೆ ಸೇರಿಸುವ ಕಮಾಂಡು ಬರೆದಳು, ಫೈಲಿನ ಹೆಸರು ಬರೆದಳು. ಮುಂದೆ ಮೂಲೆಗೊಂದು ಜೊತೆ ಅಂಕಿ, ಅದೇ ಸಾಲಿನಲ್ಲಿ. ತೋಟ ಬಲಕ್ಕೆ ಸುತ್ತಿ ಬಂದು ಮುಗಿಯಿತು. ಎಂಟರ್ ಒತ್ತುವುದೊಂದೇ ಬಾಕಿ.

ಕೆಂಪು ಗೀಟಿನ ಅಡಿಯಲ್ಲೂ ಅಂಕಿಗಳು ಕಾಣುತ್ತಿದ್ದವು.

ಅವಳು ಹೊಸ ಸುತ್ತು ಶುರುವೆಂದು ಮಿಷನ್ನಿಗೆ ತಿಳಿಸುವ ಒಂದು ಪ್ಲಸ್ ಒತ್ತಿದಳು. ಗೀಟು ಹಾಕಿದ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾ, ಎಡಸುತ್ತಾಗಿ ಬರೆಯತೊಡಗಿದಳು.

“ಇನ್ನೂ ಐತೇನೇ?”

“ಇನ್ನೊಂದು ಸುತ್ತು ಐತೆ.”

“ಹೊಡಿ ಹೊಡಿ. ಜಾಸ್ತಿ ಬಂದ್ರೆ ಬ್ಯಾಡ ಅಂತೀನಾ?”

ಅಂಕಿ ಬೆಳೆದಷ್ಟೂ ತೋಟ ಬೆಳೆಯುತ್ತದೆಂದು ಅವನ ಲೆಕ್ಕ. ಮುಖದ ತುಂಬ ಬೆಣ್ಣೆ ಕರಗುತ್ತಿತ್ತು. ಅವಳು ಎಂಟರ್ ಒತ್ತಿದಳು. ಕೆಳಗೆ ಆದ ನಕ್ಷೆಗಳನ್ನು ಒಯ್ಯಲು ಬಂದ ಸರ್ಕಾರಿ ಕಚೇರಿಯ ಜೀಪು ಹಾರನ್ ಬಾರಿಸಿತು. ಫೈಲನ್ನು ಫ್ಲಾಪಿಗೆ ಹಾಕಿ, ಇಳಿದು ಹೋಗಿ ಡ್ರೈವರನ ಕೈಗೆ ಕೊಟ್ಟು ಬಂದಳು.

“ನಂಗೂ ಒಂದು ತೆಗ್ಸಿಕೊಡ್ಲಾ,” ಲಕ್ಷ್ಮೀಕಾಂತ ತಂದುಕೊಟ್ಟ ಇಡ್ಲಿ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಚನ್ನವೀರಯ್ಯ ಹೇಳಿದ. “ಕಟ್ಟು ಹಾಕ್ಸಿ ನಡುಮನೇಲಿ ನೇತಾಕ್ತೀನಿ.”

ಪ್ರಿಂಟರು ಕಿರ್ರೆಂದು ಗೆರೆಗೆರೆಯಾಗಿ ಹಸಿರು ಉಗುಳಿತು. ತೋಟ ಅರ್ಧ ಇಳಿದಾಗ ನಡುವೆ ಬಿಳಿ ತೆರೆದುಕೊಂಡಿತು.

“ಇದೇನ್ಲಾ, ಇಂಕು ಖಾಲಿಯಾಯ್ತಾ?”

ಲಕ್ಷ್ಮೀಕಾಂತನಿಗೆ ಮಾತ್ರ ಗೊತ್ತಾಯಿತು. “ಲೌಡಿಮುಂಡೆ, ತೂತು ಹಾಕಿದೀಯೇನೇ? ತೆಗಿಯೇ ಅದ್ನ!”

“ಈ ಕಮಾಂಡು ಸೇರಿಸ್ತದೆ ಸಾರ್, ತೆಗಿಯಲ್ಲ. ನೀವೇ ಹೇಳ್ಕೊಟ್ಟಿದ್ದು.”

“ಫ್ಲಾಪಿ ಎಲ್ಲಿ?”

“ಜೀಪು ಹೋಯ್ತು.”

ಲಕ್ಷ್ಮೀಕಾಂತ ಕಚೇರಿಗೆ ಹೇಳಲು ಫೋನಿಗೆ ಹಾರಿದ. ಆ ಕಡೆ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

“ಏನೇ ಅದು, ನನ್ ತೋಟದಾಗೆ?”

“ನಮ್ಮಜ್ಜಿ,” ಎಂದಳು ರಂಗಲಕ್ಷ್ಮಿ.

ಹೊರಗೆ ಬಿಟ್ಟಿದ್ದ ಚಪ್ಪಲಿಗೆ ಕಾಲು ತೂರಿಸಿ ಒಮ್ಮೆ ತಿರುಗಿ ನೋಡಿದಳು. ಚನ್ನವೀರಯ್ಯ ಹೆಬ್ಬೆರಳಿಗೆ ಎಂಜಲು ಹಚ್ಚಿ ಬಿಳಿಯನ್ನು ಉಜ್ಜುತ್ತಿದ್ದ. ಹಸಿ ಹಸಿರು ಬೆರಳಿಗೇ ಮೆತ್ತಿಕೊಂಡಿತು. ಮತ್ತೆ ಎಂಜಲು ಹಚ್ಚಿದ, ಹಲ್ಲು ಕಚ್ಚಿ ಉಜ್ಜಿದ. ಕಾಗದ ನೆನೆದು ಹರಿದು ಅಲ್ಲಿ ನಿಜವಾಗಿಯೂ ತೂತು ಬಿತ್ತು.