ಕಾಲಿಗೆ ಬಿಟ್ಟ ಜಾಗ

ಸಾವಿನ ಮನೆಯ ಮಾತನ್ನು ಹೊರಗೆ ಹೇಳಬಾರದು ಅನ್ನುತ್ತಾರೆ. ಹೇಳುತ್ತಿರುವುದಕ್ಕೆ ಮೊದಲೇ ಕ್ಷಮೆ ಇರಲಿ. ಎಲ್ಲಾದರೂ ಹೆಚ್ಚುಕಡಿಮೆಯಾದರೆ ಮನೆಯವರು ಬೈಯಬಹುದು. ಸತ್ತವನಂತೂ ನಕ್ಕು ಸುಮ್ಮನಾಗುವ ಮನುಷ್ಯ.

"ಹಗ್ಗ ಇನ್ನೂ ಸ್ವಲ್ಪ ಬಿಗಿ ಹಿಡೀರಿ, ವಾಲಾಕ ಹತ್ಯಾನ," ಎಂದಳು ಕೆಂಚವ್ವ.

ಗೋಡೆಗೆ ಹೊಡೆದ ಗೂಟಕ್ಕೆ ಹಗ್ಗ ಕಟ್ಟಿ, ಅದರ ಆಸರೆಯಲ್ಲಿ ಅವಳ ತಮ್ಮ ಅಂದಾನೆಪ್ಪನನ್ನು ಕೂಡಿಸುತ್ತಿದ್ದರು. ಸತ್ತವರನ್ನು ಕೂತ ಭಂಗಿಯಲ್ಲೇ ಮಣ್ಣು ಮಾಡುವ ಮನೆತನ ಅದು. ಬೆಳಿಗ್ಗೆ ಹಾಲು ಬರುವ ಹೊತ್ತಿಗೆ ಜೀವ ಹೋಗಿತ್ತು. ಮೈ ಸೆಟೆಯುವ ಮೊದಲೇ ಕೂಡಿಸಬೇಕೆಂದು ಬೈಲಹೊಂಗಲದ ಆ ಓಣಿಯವರು ಸೇರಿ ಮೈ ತೊಳೆದು ವಿಭೂತಿ ಹಚ್ಚಿದ್ದರು. ಎಡಗಾಲು ಸಲೀಸಾಗಿ ಮಡಚಿತು. ಬಲಗಾಲು ಮಾತ್ರ ಹೊಸ್ತಿಲ ಕಡೆ ಬೆರಳು ಮಾಡಿ, ಚಾಚಿದ್ದು ಚಾಚಿದಂತೆಯೇ ಇತ್ತು. ಒಂಬತ್ತು ವರ್ಷದಿಂದ ಮಡಚದ ಕಾಲು.

"ಬಂದವರೆಲ್ಲ ಎಡವಿ ಬೀಳೂ ಹಂಗ ಕಾಲ ಚಾಚಿ ಕುಂತಾಂವ. ಈಗರ ಎಳಕೋ ಮಾರಾಯಾ," ಎಂದು ಕೆಂಚವ್ವ ತಮ್ಮನಿಗೇ ಹೇಳಿ, ಸೆರಗಿನಿಂದ ಮೂಗು ಒರೆಸಿಕೊಂಡಳು. ನೆರೆಮನೆಯ ಲಗಮವ್ವ ಅಳುತ್ತಲೇ ನಕ್ಕಳು. ಹೆಂಡತಿ ಗಂಗವ್ವ ಮೂಲೆಯಲ್ಲಿ ಕೂತು ಆ ಕಾಲನ್ನೇ ನೋಡುತ್ತಿದ್ದಳು.

ಬಿಸಿಲೇರಿದ ಮೇಲೆ ಸುರೇಬಾನದಿಂದ ಅಂದಾನೆಪ್ಪನ ಅಣ್ಣ ವೀರಪ್ಪ ಬಂದ. ರಾಮದುರ್ಗದತನಕ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಮಕ್ಕಳಿಲ್ಲದ ಮನೆ, ಮಣ್ಣು ಕೊಡುವ ಹಿರಿಯ ಅವನೇ. ಧೋತರದ ಧೂಳನ್ನೂ ಕೊಡವದೆ ತಮ್ಮನ ಮುಂದೆ ನಿಂತು ಕೈಮುಗಿದ. ಆಮೇಲೆ ಕಾಲು ನೋಡಿದ.

"ಹಿಂಗ ಹೆಂಗ ಒಯ್ಯೂದು?"

"ಮತ್ತ ಹೆಂಗ ಒಯ್ತಿ? ಮಡಚೂದಿಲ್ಲ ಅದು," ಎಂದಳು ಕೆಂಚವ್ವ.

"ಕುಣಿ ಗ್ವಾಡ್ಯಾಗ ಕೊರದ ಗೂಡಿನೊಳಗ ಪದ್ಮಾಸನ ಹಾಕಿ ಕುಂಡ್ರಬೇಕಕ್ಕ. ಶಿವನ ಮುಂದ ಕಾಲ ಚಾಚತಾನೇನು? ಅಪ್ಪ ಹೆಂಗ ಕುಂತ ಹೋದ, ಮುತ್ಯಾ ಹೆಂಗ ಕುಂತ ಹೋದ?" ದನಿ ತಗ್ಗಿಸಿದ. "ಮೊಣಕಾಲಿಗೆ ಒಂದ ಏಟು ಹಾಕಿದ್ರ ಮಡಚತೈತಿ. ಸತ್ತಾಂವಗ ಏನ ನೋವು?"

ಗಂಗವ್ವ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಮದುವೆಯಾದಾಗಿನಿಂದ ಗಂಡನ ಅಣ್ಣನ ಎದುರು ಬಾಯಿ ತೆರೆದವಳಲ್ಲ. ಹೇಳುವುದಿದ್ದರೆ ಕೆಂಚವ್ವನ ಕಿವಿಯಲ್ಲಿ ಹೇಳುತ್ತಿದ್ದಳು; ಅದು ದೊಡ್ಡದಾಗಿ, ಎರಡು ಬೈಗುಳ ಸೇರಿಕೊಂಡು, ವೀರಪ್ಪನನ್ನು ತಲುಪುತ್ತಿತ್ತು.

*

ಅಂದಾನೆಪ್ಪ ರೈತರ ಮನೆಯಲ್ಲಿ ಹುಟ್ಟಿದರೂ ಮಣ್ಣು ಮುಟ್ಟಿದವನಲ್ಲ. ಅವನಿಗೆ ಟ್ರ್ಯಾಕ್ಟರಿನ ಹುಚ್ಚು. ಕಬ್ಬಿನ ಹಂಗಾಮು ಬಂತೆಂದರೆ ಎರಡು ಟ್ರೇಲರು ಕಟ್ಟಿಕೊಂಡು ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಹೊರಡುತ್ತಿದ್ದ. ದಾರಿಯಲ್ಲಿ ಶಾಲೆಯ ಹುಡುಗರು ಹಿಂದೆ ಓಡಿ ಕಬ್ಬು ಎಳೆದರೆ, ಬಾಯಲ್ಲಿ ಬೈಯುತ್ತ ಗಾಡಿ ನಿಧಾನ ಮಾಡುತ್ತಿದ್ದ. ಮನೆಗೆ ಬಂದಾಗ ಅವನ ಅಂಗಿಯಲ್ಲಿ ಕಾಕಂಬಿಯ ವಾಸನೆ. ಒಗೆದರೂ ಹೋಗುತ್ತಿರಲಿಲ್ಲ, ಗಂಗವ್ವನಿಗೆ ಹೋಗುವುದೂ ಬೇಕಿರಲಿಲ್ಲ.

ತೊಂಬತ್ನಾಲ್ಕರ ಹಂಗಾಮಿನಲ್ಲಿ ಟ್ರೇಲರು ಬಿಚ್ಚುವಾಗ ಅದು ಹಿಂದೆ ಸರಿದು ಮೊಣಕಾಲು ಜಜ್ಜಿತು. ದವಾಖಾನೆಯಿಂದ ಬಂದಾಗ ಕಾಲು ಉಳಿದಿತ್ತು, ಆದರೆ ಕಂಬದ ಹಾಗೆ. ವರ್ಷಗಟ್ಟಲೆ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮನೆಯಲ್ಲಿ ಮಾತು ನಿಂತಿತು.

ಒಂದು ದಿನ, ಯಾಕೆ ಅನ್ನಿಸಿತೋ, ಕೂತಲ್ಲಿಂದಲೇ ಜರುಗುತ್ತ ಹಿತ್ತಲಿಗೆ ಹೋದ. ಗೋಣಿತಟ್ಟಿನ ಮೇಲೆ ಕೂತು, ಬಚ್ಚಲ ನೀರು ಹರಿಯುವಲ್ಲಿ ಕುರ್ಪಿಯಿಂದ ನೆಲ ಕೆದರಿದ. ಅಡುಗೆಮನೆಯಿಂದ ಕೊತ್ತಂಬರಿ ಬೀಜ ತಂದು ಬಿತ್ತಿದ. ದಿನಾ ನೀರುಣಿಸಿದ. ಹುಲ್ಲು ಹುಟ್ಟಿತು, ಕೊತ್ತಂಬರಿ ಹುಟ್ಟಲಿಲ್ಲ.

"ಈ ಮಣ್ಣಾಗ ಏನೋ ದೋಷ ಐತಿ," ಎಂದ.

"ಯಾವ ಡಬ್ಬಿದು ತಗೊಂಡ್ರಿ?"

"ಒಲಿ ಬಾಜೂಕಿನ ಸಣ್ಣ ಡಬ್ಬಿದು."

ಗಂಗವ್ವ ಬಾಯಿಗೆ ಸೆರಗು ಹಿಡಿದಳು. "ಅದು ಮಸಾಲಿಗಂತ ಹುರದ ಇಟ್ಟಿದ್ದೆನ್ರಿ."

ಅಂದಾನೆಪ್ಪ ಅವಳನ್ನು ನೋಡಿದ, ತಾನು ಮಾಡಿದ ಮಡಿಯನ್ನು ನೋಡಿದ. "ಹಂಗಾದ್ರ ಒಂದ ಕೆಲಸ ಮಾಡು. ಅದರ ಮ್ಯಾಲೊಂದು ಒಗ್ಗರಣಿ ಹಾಕು," ಎಂದ.

ಆ ದಿನ ಅವರು ನಕ್ಕದ್ದು ಲಗಮವ್ವನ ಮನೆಗೂ ಕೇಳಿಸಿತ್ತಂತೆ. ಏನಾಯಿತೋ ಎಂದು ಅವಳು ಗಾಬರಿಯಾಗಿ ಓಡಿ ಬಂದಿದ್ದಳು.

ಮುಂದೆ ಮೆಂತೆ ಹುಟ್ಟಿತು. ಆದರೆ ಕಸ ಕೀಳಲು ಕೂತರೆ ಚಾಚಿದ ಕಾಲು ಸಸಿಗಳ ಮೇಲೇ ಬೀಳುತ್ತಿತ್ತು. ಅವನು ಕೂತೆದ್ದಲ್ಲೆಲ್ಲ ಒಂದು ಪಟ್ಟಿ ಹಸಿರು ನೆಲಕ್ಕೆ ಅಂಟಿರುತ್ತಿತ್ತು. ಸಿಟ್ಟು ಬಂದು ಕುರ್ಪಿ ಎಸೆದ, ಕೆಲವು ದಿನ ಹಿತ್ತಲ ಬಾಗಿಲನ್ನೇ ತೆಗೆಯಲಿಲ್ಲ. ಆಮೇಲೆ ಪ್ರತಿ ಮಡಿಯ ನಡುವೆ ತನ್ನ ಕಾಲಿನ ಅಳತೆಗೆ ಒಂದು ತಗ್ಗು ತೋಡಿದ. ಅದರಲ್ಲಿ ಕಾಲಿಟ್ಟು ಕೂತರೆ ಎರಡೂ ಕಡೆ ಕೈಗೆ ಎಟಕುವಷ್ಟು ಮೆಂತೆ, ಮೂಲಂಗಿ, ಬದನೆ. ಅವನು ಎದ್ದ ಮೇಲೆ ಬಚ್ಚಲ ನೀರು ಆ ತಗ್ಗಿನಲ್ಲೇ ಹರಿಯುತ್ತಿತ್ತು.

"ನನ್ನ ಕಾಲಿಗೊಂದು ಹಾಸಿಗಿ ಹಾಸೇನಿ ನೋಡಕ್ಕಾ," ಎಂದು ಕೆಂಚವ್ವನಿಗೆ ತೋರಿಸಿದ್ದ.

ವೀರಪ್ಪ ಮಾತ್ರ ಹಿತ್ತಲಿಗೆ ಹೋದವನಲ್ಲ. "ಹೊಲಾ ಬಿಟ್ಟ ಓಡಿ ಬಂದಾಂವ ಬಚ್ಚಲದಾಗ ಏನ ಬೆಳೀತಾನ," ಎಂದು ಪಡಸಾಲೆಯಲ್ಲೇ ಚಹಾ ಕುಡಿದು ಬಸ್ಸು ಹತ್ತುತ್ತಿದ್ದ.

*

"ಕುಣಿ ತೋಡೂ ಬೀರಪ್ಪಗ ಹೇಳ್ರಿ, ಸುರು ಮಾಡಲಿ. ಕಾಲಿಂದು ನಾ ನೋಡತೇನಿ," ಎಂದು ವೀರಪ್ಪ ಎದ್ದ. ಅವನ ಕಣ್ಣು ಬಾಗಿಲ ಹಿಂದಿನ ಒನಕೆಯ ಕಡೆ ಹೋದದ್ದನ್ನು ಗಂಗವ್ವ ಕಂಡಳು.

ಅವಳೂ ಎದ್ದಳು. ಕೆಂಚವ್ವನ ಕಿವಿಯ ಕಡೆ ಬಾಗಲಿಲ್ಲ.

"ಭಾವಾರ, ಕಾಲ ಮುರೀಬ್ಯಾಡ್ರಿ."

ಮಾತಾಡಿದ್ದು ಯಾರೆಂದು ವೀರಪ್ಪನಿಗೆ ಒಮ್ಮೆಗೇ ತಿಳಿಯಲಿಲ್ಲ. ಆ ದನಿ ಅವನಿಗೆ ಪರಿಚಯವೇ ಇರಲಿಲ್ಲ.

"ಗಂಗವ್ವಾ, ಪದ್ಧತಿ ಅಂತ ಒಂದ ಇರತೈತಿ..."

"ಹಿತ್ತಲಕ ಬರ್ರಿ. ನೋಡಿದ ಮ್ಯಾಲ ಏನ ಮಾಡತೀರಿ ಮಾಡ್ರಿ."

ಅವಳು ಮುಂದೆ, ಅವನು ಹಿಂದೆ. ಮೆಂತೆ ಕೊಯ್ಲಿಗೆ ಬಂದಿತ್ತು, ಬದನೆಯ ಗಿಡದಲ್ಲಿ ಎಳೆಕಾಯಿ. ತಮ್ಮನ ಹೆಣ ಒಳಗಿದ್ದರೂ ರೈತನ ಕೈ ಸುಮ್ಮನಿರಲಿಲ್ಲ. ವೀರಪ್ಪ ಬಾಗಿ ಮೂಲಂಗಿಯ ಎಲೆ ಮಗುಚಿ ಹುಳ ಬಿದ್ದಿದೆಯೇ ಎಂದು ನೋಡಿದ. ಆಮೇಲೆ ಹುಬ್ಬು ಗಂಟಿಕ್ಕಿದ.

"ನಡುವ ಇಷ್ಟ್ಯಾಕ ನೆಲಾ ಖಾಲಿ ಬಿಟ್ಟಾನ? ಅಲ್ಲೂ ಒಂದ ಸಾಲ ಬರತಿತ್ತು."

"ಅದು ಅವರ ಕಾಲಿಗ್ರಿ."

ವೀರಪ್ಪ ಮಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. ತಗ್ಗಿನ ತುದಿಯಲ್ಲಿ ಹಿಮ್ಮಡಿ ಊರಿದ ಗುಣಿ ಇನ್ನೂ ಹಾಗೇ ಇತ್ತು. ಅದರೊಳಗೆ ಅಂಗೈ ಇಟ್ಟ.

"ಮಣ್ಣಾಗ ಅವರು ಹಿಂಗ ಕುಂಡ್ರತಿದ್ರು," ಎಂದಳು ಗಂಗವ್ವ. "ಅಲ್ಲೂ ಹಿಂಗ ಕುಂಡ್ರಲಿ."

ಅವನು ಬಹಳ ಹೊತ್ತು ಕೈ ತೆಗೆಯಲಿಲ್ಲ. "ಅಯ್ಯನೋರು ಒಪ್ಪಬೇಕಲ್ಲ," ಎಂದ, ಅವರು ಒಪ್ಪಲಿ ಎಂಬ ದನಿಯಲ್ಲಿ.

ಪೂಜೆಗೆ ಬಂದ ಅಯ್ಯನೋರು ಎಲ್ಲ ಕೇಳಿಸಿಕೊಂಡು ಹೇಳಿದ್ದು ಇಷ್ಟೇ: "ಅಂದಾನೆಪ್ಪ ದಿನಾ ಲಿಂಗಪೂಜಿ ಹೆಂಗ ಕುಂತ ಮಾಡತಿದ್ದ?"

"ಕಾಲ ಚಾಚೇರಿ. ಮತ್ತೆಲ್ಲಿ ಇಡತಾನ ಅದನ್ನ?" ಎಂದಳು ಕೆಂಚವ್ವ.

"ಹಂಗಾದ್ರ ಶಿವಗ ರೂಢಿ ಐತಿ. ನಡೀರಿ."

ವೀರಪ್ಪ ಹಗ್ಗದ ತುಂಡಿನಲ್ಲಿ ತಮ್ಮನ ಕಾಲು ಅಳೆದುಕೊಂಡು, ಹಿತ್ತಲಿನ ಕುರ್ಪಿ ಹಿಡಿದು ಮುಂಚೆಯೇ ಹೋದ. ಹೆಣ ಬರುವ ಹೊತ್ತಿಗೆ ಅವನು ಕುಣಿಯೊಳಗೇ ಇದ್ದ. ಬೀರಪ್ಪ ಮೇಲೆ ನಿಂತು, "ಯಜಮಾನ್ರ, ನಾ ಮಾಡತೇನಿ, ಮ್ಯಾಲ ಬರ್ರಿ," ಎನ್ನುತ್ತಿದ್ದ. ವೀರಪ್ಪನಿಗೆ ಕೇಳಿಸಿದಂತಿರಲಿಲ್ಲ. ಗೂಡಿನಿಂದ ಹೊರಕ್ಕೆ, ಕುಣಿಯ ನೆಲದಲ್ಲಿ ಉದ್ದಕ್ಕೆ ಒಂದು ತಗ್ಗು ತೋಡಿ, ಅದರ ಅಂಚನ್ನು ಕುರ್ಪಿಯ ಬೆನ್ನಿನಿಂದ ತಟ್ಟುತ್ತಿದ್ದ. ತಲೆ ಎತ್ತಿದಾಗ ಹೆಂಗಸರ ನಡುವೆ ಅವನಿಗೆ ಗಂಗವ್ವ ಕಂಡಳು.

"ಹಿಮ್ಮಡಿ ಕಡೆ ಇನ್ನೊಂದೀಟು ಆಳ ಬೇಕಲ್ಲವ್ವಾ?"

"ಹೂಂರಿ ಭಾವಾರ. ಒಂದೀಟ."

*

ಮಣ್ಣು ಕೊಟ್ಟು ಬಂದವರೆಲ್ಲ ಹಿತ್ತಲಲ್ಲಿ ಕೈಕಾಲು ತೊಳೆದುಕೊಂಡರು. ಲಗಮವ್ವ ಕೊಡದಿಂದ ನೀರು ಹಾಕುತ್ತಿದ್ದಳು. ಕಡೆಯ ಮಡಿ ಬೋಳಾಗಿತ್ತು. ಹೊಸದಾಗಿ ತಟ್ಟಿದ ಮಣ್ಣಿನ ಮೇಲೆ ಬೆರಳಿನ ಗುರುತು.

"ಇದರಾಗ ಏನ ಹಾಕ್ಯಾನ?" ಎಂದು ವೀರಪ್ಪ ಕೇಳಿದ.

"ಮೊನ್ನೆ ಏನೋ ಬಿತ್ತಿದ್ರು. ಕೇಳಿದ್ರ, ಹುಟ್ಟಿದ ಮ್ಯಾಲ ನೋಡು ಅಂದ್ರು."

"ಹುರದದ್ದ ಹಾಕಿರತಾನ ತಗೋ," ಎಂದಳು ಕೆಂಚವ್ವ. ನಗಲು ಹೋಗಿ, ಆಗದೆ, ಒಳಗೆ ನಡೆದಳು.

ಎಲ್ಲರ ಕಾಲು ತೊಳೆದ ನೀರು ಒಂದಾಗಿ, ಖಾಲಿ ಬಿಟ್ಟ ತಗ್ಗುಗಳನ್ನು ಒಂದೊಂದಾಗಿ ತುಂಬುತ್ತ ಹರಿಯಿತು. ಕಡೆಯ ಮಡಿಯ ಬಾಯಲ್ಲಿ ಒಂದು ಮಣ್ಣಹೆಂಟೆ ಅಡ್ಡ ಬಿದ್ದಿತ್ತು. ಗಂಗವ್ವ ಅದನ್ನು ಕಾಲ ಬೆರಳಿನಿಂದ ಪಕ್ಕಕ್ಕೆ ಸರಿಸಿದಳು. ನೀರು ಒಳಗೆ ಹೋಗಿ ಹಿಮ್ಮಡಿಯ ಗುಣಿಯಲ್ಲಿ ಸ್ವಲ್ಪ ಹೊತ್ತು ನಿಂತು, ಇಂಗಿತು.

ಅಲ್ಲಿ ಏನು ಬಿತ್ತಿದ್ದ, ಅದು ಹುಟ್ಟಿತೋ ಇಲ್ಲವೋ, ಗೊತ್ತಿಲ್ಲ.